ನಿಂತಾಗ ಬಿಸಿ

ಮೆಹಿಕಾಲಿಯಲ್ಲಿ ಆಗಸ್ಟಿನ ಹನ್ನೊಂದು ಗಂಟೆ ಅಂದರೆ
ಪಾನಾ ಹಿಡಿಯಲು ಚಿಂದಿ ಬೇಕು.
ಬಿಸಿಲಲ್ಲಿ ಮರೆತ ಪಾನಾ ಚರ್ಮ ಕೇಳುತ್ತದೆ.

ಓಬ್ದೂಲಿಯಾ ಬಂದಳು, ಹಳೇ ನಿಸಾನಿನಲ್ಲಿ,
ನಾಲ್ಕೂ ಗಾಜು ಇಳಿಸಿ, ಕೊರಳಿಗೆ ಒದ್ದೆ ಟವೆಲು ಸುತ್ತಿ.
ಇದು ಎಸಿಯಲ್ಲ ಎವೋದಿಯೋ,
ನಮ್ಮತ್ತೆಯ ಉಸಿರು, ಅಂದಳು.

ಗ್ಯಾಸು ಹಾಕಿಸಿದೆಯಾ?
ಮೂರು ಸಲ. ರೊಸೆಂದೋ ಹಾಕಿದ.

ರೊಸೆಂದೋ ನನ್ನ ಹೆಂಡತಿಯ ತಮ್ಮ.
ಅವನ ಹತ್ತಿರ ಇರುವುದು ಒಂದೇ ಸಿಲಿಂಡರು, ಒಂದೇ ಮದ್ದು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದು
ಎಮ್ಮೆಯ ಕೈಯಲ್ಲೇ ದುಡ್ಡು ಇಸಿದುಕೊಳ್ಳುವವನು.

ಯಾವಾಗ ಬಿಸಿ?
ಯಾವಾಗಲೂ.
ಯಾವಾಗಲೂ ಅಂತ ಯಾವ ರೋಗವೂ ಇಲ್ಲ, ನೆನಪು ಮಾಡಿಕೋ.
ಅವಳು ಟವೆಲು ಹಿಂಡಿದಳು.
ಆಚೆ ದಾಟಿದ ಮೇಲೆ, ಎಲ್ ಸೆಂತ್ರೋ ರಸ್ತೆಯಲ್ಲಿ ವೇಗ ಹಿಡಿದರೆ
ಮೊಣಕೈ ಜುಮ್ಮೆನ್ನುವಷ್ಟು ತಂಪು.
ಸಾಲಿನಲ್ಲಿ ಮಾತ್ರ...
ಗಡಿಯ ಸಾಲಿನಲ್ಲಿ, ದಿನಾ ಸಂಜೆ ಎರಡೂವರೆ ಗಂಟೆ,
ಬ್ರೇಕು ಬಿಟ್ಟು ಬ್ರೇಕು ಒತ್ತಿ.
ಐಸ್‌ಕ್ಯಾಂಡಿ ಮಾರುವ ಹುಡುಗ
ನನಗಿಂತ ಮೊದಲು ಅಮೆರಿಕಾ ಮುಟ್ಟುತ್ತಾನೆ.

ಅಲ್ಲಿಗೇ ಅರ್ಧ ಗೊತ್ತಾಯಿತು.
ಬಾನೆಟ್ಟು ಎತ್ತಿ ಗೇಜು ಕಚ್ಚಿಸಿದೆ.
ಕೆಂಪು ಮುಳ್ಳು ಏರಿತು, ಏರುತ್ತಲೇ ಹೋಯಿತು,
ಜಗಳಕ್ಕೆ ಎದ್ದವನ ಹುಬ್ಬಿನ ಹಾಗೆ.
ಒಂದು ಚೊಂಬು ನೀರು ತಂದು
ಕಂಡೆನ್ಸರಿನ ಮುಖಕ್ಕೆ ಎರಚಿದೆ. ಮುಳ್ಳು ಇಳಿಯಿತು.
ಒಳಗಿಂದ ಕೂಗು: ಬಂತು! ತಂಪು ಬಂತು!
ನೀರು ಆರಿತು.
ಹೋಯಿತು, ಅಂದಳು.

ಎರಡು ಫ್ಯಾನು, ಅಕ್ಕಪಕ್ಕ.
ಒಂದು ತಿರುಗುತ್ತಿದೆ, ಇಬ್ಬರ ಕೆಲಸ ಹೊತ್ತು ಏದುಸಿರು ಬಿಡುತ್ತ.
ಇನ್ನೊಂದರ ಬೆನ್ನ ಹಿಂದೆ, ಗಾಳಿ ತಾಗದ ಸಂದಿಯಲ್ಲಿ
ಜೇಡವೊಂದು ನಿಶ್ಚಿಂತೆಯಿಂದ ಮನೆ ಮಾಡಿದೆ.
ಜೇಡಕ್ಕೆ ತಿಳಿದಿತ್ತು. ರೊಸೆಂದೋಗೆ ತಿಳಿದಿರಲಿಲ್ಲ.

ಓಡುವಾಗ ಗಾಳಿ ತಾನಾಗಿ ಎದೆಗೆ ನುಗ್ಗುತ್ತದೆ.
ನಿಂತಾಗ ಯಾರಾದರೂ ಬೀಸಬೇಕು.
ನಮ್ಮ ಕಸುಬಿನಲ್ಲಿ ಇರುವುದು ಇಷ್ಟೇ ವಿದ್ಯೆ,
ಉಳಿದದ್ದು ಮೊಳೆ ಬಿಚ್ಚುವುದು.

ಬೆನಿಗ್ನೋನ ಗುಜರಿಯಲ್ಲಿ
ಹಿಂದಿನಿಂದ ಗುದ್ದಿಸಿಕೊಂಡು ಸತ್ತ ನಿಸಾನೊಂದು ಸಿಕ್ಕಿತು,
ಮುಂಭಾಗ ಮದುವಣಗಿತ್ತಿಯ ಹಾಗೆ.
ನಾನೂರು ಅಂದ, ಇನ್ನೂರ ಎಂಬತ್ತಕ್ಕೆ ಬಂದ.
ಬ್ಯಾಟರಿಗೆ ತಂತಿ ಮುಟ್ಟಿಸಿದೆವು,
ಫ್ಯಾನು ಎದ್ದು ಇಬ್ಬರ ಮುಖಕ್ಕೂ ಧೂಳು ಉಗಿಯಿತು.
ರೊಸೆಂದೋ ತುರುಕಿದ್ದ ಗ್ಯಾಸೆಲ್ಲ ಎಳೆದು, ತೂಗಿ,
ಕಂಪನಿ ಬರೆದಷ್ಟೇ ಮರಳಿ ಬಿಟ್ಟೆ.

ಈಗ ಪರೀಕ್ಷೆ.
ಓಡಿಸಿ ನೋಡುವ ರೋಗವಲ್ಲ, ನಿಲ್ಲಿಸಿ ನೋಡಬೇಕು.
ಚಪ್ಪರದಡಿ ಬಾನೆಟ್ಟು ಮುಚ್ಚಿ, ಗಾಜು ಏರಿಸಿ ಕೂತೆವು,
ಅವಳು ಸ್ಟೇರಿಂಗಿನ ಹಿಂದೆ, ನಾನು ಪಕ್ಕದಲ್ಲಿ,
ಗಾಳಿಯ ಕಿಂಡಿಯಲ್ಲಿ ಥರ್ಮಾಮೀಟರು.
ಮೂವತ್ತೊಂದು. ಇಪ್ಪತ್ತೆರಡು.
ಎದುರಿಗೆ ಗೋಡೆ, ಹೋದ ವರ್ಷದ ಟೈರ್ ಕಂಪನಿಯ ಕ್ಯಾಲೆಂಡರು.
ಹದಿನಾಲ್ಕು.
ಆಸ್ಪತ್ರೆಯ ಬಟ್ಟೆ ಒಗೆಯುವ ರಾತ್ರಿಪಾಳಿ ಅವಳದು.
ಒಂಬತ್ತಾದಾಗ, ನೋಡಿದೆಯಾ, ಅಂತ ತಿರುಗಿದೆ.

ನಿದ್ದೆ. ಬಾಯಿ ತುಸು ತೆರೆದಿದೆ.
ಕೈ ಮಾತ್ರ ಗೇರಿನ ಮೇಲೆ,
ಮುಂದಿನ ಕಾರು ಸರಿದರೆ ಸರಿಯಲು.

ಬಾಗಿಲು ಸದ್ದಾಗದ ಹಾಗೆ ಇಳಿದೆ.
ರೊಸೆಂದೋನ ಫೋನು: ಏನಾಗಿತ್ತು ಭಾವ, ಆ ಗಾಡಿಗೆ?
ಗ್ಯಾಸು ಜಾಸ್ತಿ, ಅಂದೆ.
ನನ್ನ ಡಬ್ಬಿಯಿಂದ ಐದು ಲೀಟರು ಪೆಟ್ರೋಲು ಅಳೆದಿಟ್ಟೆ,
ಬಿಲ್ಲಿಗೆ ಬರೆಯುವುದೋ ಬೇಡವೋ ಆಮೇಲೆ ನೋಡೋಣ.
ಇನ್ನೊಬ್ಬ ಗಿರಾಕಿ ಬಂದು ಅವಳ ಹಿಂದೆ ನಿಲ್ಲಿಸಿದ,
ಹಾರ್ನಿಗೆ ಕೈ ಇಟ್ಟ.
ತುಟಿಗೆ ಬೆರಳಿಟ್ಟು ತೋರಿಸಿದೆ,
ಬೆರಳಿನ ಗ್ರೀಸು ಮೀಸೆಗೆ ಮೆತ್ತಿತು.