ಎಡಗಡಿ ಹಿಂದಿನ ಮೂಲಿ

ಎಳ್ಳಮಾಸಿ ಹಿಂದಿನ ದಿನ
ಮುಂಜಾನೆ ಐದಕ್ಕ ಶೆಡ್ಡಿನ ಬಾಗಲಾ ತಗದ್ರ
ಗಾಡಿ ಕುಂತಬಿಟ್ಟಿತ್ತು.
ಪೂರ್ತಿ ಅಲ್ಲ. ಎಡಗಡಿ ಹಿಂದಿನ ಮೂಲಿ ಒಂದ,
ನೊಗಾ ಇಳಿಸಿದ ಎತ್ತ ಒಂದ ಕಾಲ ಮಡಚಿದಂಗ.

ಮೂರನೇ ಕೈಯಿ ಜರ್ಮನ್ ಗಾಡಿ.
ಬೆಳಗಾವಿ ಡಾಕ್ಟರನ ಕಡಿಂದ ತಂದಾರ ದ್ರಾಕ್ಷಾಯಣಕ್ಕಾರು,
ಬ್ಯಾಡಗಿ ಪ್ಯಾಟ್ಯಾಗ ಅವರದ ದಲಾಲಿ ಅಂಗಡಿ.
ನಾನು ಡ್ರೈವರ್.
ಸ್ಪ್ರಿಂಗ್ ಇಲ್ಲದ ಗಾಡಿ ಹೆಂಗ ನಿಲ್ಲತೈತ್ರಿ ಅಂತ ಕೇಳಿದ್ದೆ ಆವಾಗ.
ಗಾಳಿ ಮ್ಯಾಲ, ಅಂದಿದ್ರು,
ನಮ್ಮ ವ್ಯಾಪಾರದಂಗ.

ಮರ್ದಾನಸಾಬ ಬಂದ, ಕಿವಿಗೆ ಮಫ್ಲರ್, ಕೈಯಾಗ ದಾಡಿ ಬ್ರಶ್.
"ಚಾಲೂ ಮಾಡಬ್ಯಾಡ. ಸೋರೂ ಕೊಡಕ್ಕ ನೀರ ಹೊತ್ತಂಗ ಆಗತೈತಿ,
ಪಂಪ ಕಾದ ಕಾದ ಸಾಯತೈತಿ."
ಗಾಲಿ ಬಿಚ್ಚಿದ. ಒಳಗ ರಬ್ಬರಿನ ಚೀಲ,
ನಿರಿಗಿ ನಿರಿಗಿ, ಥೇಟ ಡಬ್ಬಿ ಕಾಯಿ.
ನಿರಿಗ್ಯಾಗ ಹೋದ ಮಳಿಗಾಲದ ಎರಿ ಮಣ್ಣ.
ಉಗುರಬೆಚ್ಚಗಿನ ನೀರಾಗ ತೊಳದ್ವಿ,
ಕೂಸಿನ ಕೊಳ್ಳ ತೊಳದಂಗ.

ಆಮ್ಯಾಲ ಸಾಬಾಣ ನೊರಿ ಹಚ್ಚಿ ಕಾದ್ವಿ.
ಪ್ಯಾಟಿಗೆ ಹೊಂಟ ಮೆಣಸಿನಕಾಯಿ ಟ್ರ್ಯಾಕ್ಟರ್ ದಾಟಿತು,
ಇಬ್ರೂ ಸೀನಿದ್ವಿ.
ನೊರಿ ಅಲುಗಲಿಲ್ಲ.
ಚೀಲ ಗಟ್ಟಿ ಐತಿ, ಅಂದ. ನಳಿಗಿ ಕೂಡೂ ಜಾಗಾಕ್ಕ ಹಚ್ಚಿದ.
ಸಾಸಿವಿಯಷ್ಟ ಒಂದ ಗುಳ್ಳಿ ಹುಟ್ಟಿತು,
ಕಡ್ಲಿಯಷ್ಟ ಆತು, ಒಡೀತು,
ಮತ್ತ ಹುಟ್ಟಿತು.
"ಥಂಡಿಗೆ ಉಂಗುರ ಮುದುಡೇತಿ. ಇಷ್ಟ."

ಇಷ್ಟ ಅಂದಾಂವ ಪಂಪಿನ ಬಾಜೂಕಿನ ಡಬ್ಬಿನೂ ಬಿಚ್ಚಿ
ಹಳೇ ಪೇಪರಿನ ಮ್ಯಾಲ ಕಾಳ ಸುರುವಿದ.
ಹೊಸದಾಗ ಕಿತ್ತಳಿ ಬಣ್ಣಂತ. ಇವು ಕರಿ ಹಸರ.
"ನೀರ ಕುಡದಾವ."
ಗಾಳ್ಯಾಗ ಎಲ್ಲಿ ನೀರ, ಚಾಚಾ?
"ನಿಮ್ಮವ್ವ ಕಡ್ಲಿ ಹೊಲದಾಗ ಬಟ್ಟಿ ಹಾಸಿ
ಮುಂಜಾನೆ ಹುಳಿ ಹಿಂಡತಿದ್ಲಲ್ಲೋ,
ಎಲ್ಲಿಂದ ಬರತಿತ್ತು ಅದು?"

ಹೊಲ ನಮ್ಮದಲ್ಲ, ಮಂದೀದು.
ಬೆಳಕ ಹರಿಯೂದ್ರೊಳಗ ಮುಗಿಸಿ ಬರಾಕಿ,
ಇಬ್ಬನಿಗೆ ಯಾರೂ ಉತಾರಿ ಬರಸಿಕೊಂಡಿಲ್ಲ ಅನ್ನಾಕಿ.
ಯಾರಿಗೂ ಗೊತ್ತಿಲ್ಲಂತ ಮಾಡಿದ್ದೆ.

ಹೊಸಾ ಉಂಗುರ. ಹೊಸಾ ಕಾಳ.
ರಬ್ಬರಿಗೆ ಸಿಲಿಕಾನ್ ಸ್ಪ್ರೇ ("ಗ್ರೀಸ್ ಮುಟ್ಟಿಸಬ್ಯಾಡ, ತಿಂದ ಹಾಕತೈತಿ").
ಚಾಲೂ ಮಾಡಿದೆ.
ಅಕ್ಕಾರು ಸೆರಗ ಮೂಗಿಗೆ ಹಿಡಕೊಂಡ ಬಂದ್ರು:
ಸೌದಾ ಏಳಕ್ಕ ಸುರುವಾಗತೈತಿ, ಎದ್ದಿತೇನ?
ಏಳಾಕತ್ತೈತ್ರಿ. ಈಗ ಹತ್ತಬ್ಯಾಡ್ರಿ.

ಮೂರೂ ಮಂದಿ ಹೊರಗ ನಿಂತ್ವಿ.
ಎಡಗಡಿ ಹಿಂದಿನ ಮೂಲಿ
ಬಟ್ಟಿನಷ್ಟ, ಬಟ್ಟಿನಷ್ಟ.
ಬಾಯಾಗಿನ ಹಬಿ ಮೂರು,
ಸೈಲೆನ್ಸರಿಂದು ಒಂದು.