ತಿದ್ದುಪಡಿ

ಮೂರನೇ ಪುಟದ ಕೆಳಗೆ, ನಿಧನ ವಾರ್ತೆಗಳ ಪಕ್ಕ
ನಾಲ್ಕು ಸಾಲಿನ ಜಾಗ ಕೊಡಿ ಎಂದು
ಡೆಸ್ಕಿಗೆ ಮೂರು ಸಲ ಫೋನ್ ಮಾಡಿದೆ.
ಹೆಸರಿನ ಕಾಗುಣಿತ ತಪ್ಪಿದ್ದರೆ ಹಾಕಬಹುದು,
ಇಷ್ಟು ಹಳೆಯದಕ್ಕೆ ಯಾಕೆ ಅಂದರು.
ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಏಪ್ರಿಲ್. ಮಧ್ಯಾಹ್ನಕ್ಕೇ ಮಡಿಕೇರಿಯ ಅಂಗಡಿಗಳು ಬಾಗಿಲೆಳೆದರೆ
ಆಮೇಲೆ ರಸ್ತೆಯೆಲ್ಲ ನಾಯಿಗಳಿಗೆ, ಮತ್ತೆ
ಕೊರಳಲ್ಲಿ ಪ್ರೆಸ್ ಕಾರ್ಡು ನೇತುಹಾಕಿಕೊಂಡ ನಮಗೆ.
ಮಕ್ಕಂದೂರಿಗೆ ಹೋದೆ, ಧರ್ಮಪಾಲನ ಮನೆಗೆ.
ಮಾಂದಲಪಟ್ಟಿಗೆ ಜೀಪು ಓಡಿಸುವವನು.
ಪ್ರವಾಸಿಗರಿಲ್ಲ, ಕಂತು ಮಾತ್ರ ನಿಂತಿಲ್ಲ.
ಬಾನೆಟ್ಟಿನ ಮೇಲೊಂದು ಕೋಳಿ ಕೂತಿತ್ತು.
ಫೋಟೋಗೆ ಚೆನ್ನಾಗಿದೆ ಅಂದುಕೊಂಡೆ.

ಕಾಫಿ ತಂದ ಹೆಂಗಸು ಎಡಗೈಯಲ್ಲಿ ಕೊಟ್ಟಳು.
ಮುಚ್ಚಿಡುವುದಿಲ್ಲ, ಆಗ ನನಗನಿಸಿದ್ದು ಇಷ್ಟೇ:
ಎಂಥವಳಪ್ಪ, ಮನೆಗೆ ಬಂದವರಿಗೆ ಎಡಗೈ!
ಬಲಗೈ ಸೆರಗಿನೊಳಗಿತ್ತು.
ಬೆಲ್ಲದ ಕಾಫಿ. ಇನ್ನೊಂದು ಲೋಟ ಕೇಳಿ ಕುಡಿದೆ.

ಸೋಮವಾರ ಐದು ಕಾಲಂ: ‘ಚಕ್ರ ನಿಂತ ಬದುಕು’.
ಕೋಳಿ ಸಮೇತ ಧರ್ಮಪಾಲ.
ಯಾರೋ ಪುಣ್ಯಾತ್ಮರು ಅಕ್ಕಿ, ಬೇಳೆ, ಒಂದು ಲಕೋಟೆ ಕಳಿಸಿದರು.

ಶುಕ್ರವಾರದ ಸಣ್ಣ ಸುದ್ದಿ, ಅದೂ ನನ್ನದೇ:
ಅನಗತ್ಯ ಓಡಾಟ, ನಲವತ್ತಮೂರು ಮಂದಿಗೆ ದಂಡ.
ಠಾಣೆಯವರು ವಾಟ್ಸಾಪಿಗೆ ಹಾಕಿದ್ದು,
ಒಂದು ಕೊಂಬು ದೀರ್ಘವೂ ಬದಲಿಸಲಿಲ್ಲ.
ಈ ತಿಂಗಳು ಗಂಡ ಹೆಂಡಿರ ದೂರು ಒಂದೂ ಬಂದಿಲ್ಲ
ಎಂಬ ಸಾಲೂ ಅದರಲ್ಲಿತ್ತು.
ಅದಕ್ಕೆ ಚೌಕಟ್ಟು ಕಟ್ಟಿದೆವು.

ಮೂರು ವರ್ಷದ ಮೇಲೆ, ಕೋರ್ಟಿನ ಜಗಲಿಯಲ್ಲಿ,
ಹಾಲಿನ ಕವರಿನೊಳಗಿಂದ ಅವಳು ತೆಗೆದು ತೋರಿಸಿದಳು:
ಮಾಸಿದ ರಸೀದಿ, ಇನ್ನೂರು ರೂಪಾಯಿ.
ಹೆಸರು ಜಲಜಾಕ್ಷಿ. ರಾತ್ರಿ ಹತ್ತೂ ಇಪ್ಪತ್ತು.
ಕೆಳಗೆ ಸಹಿ, ಒಂದನೇ ಕ್ಲಾಸಿನ ಮಗುವಿನದರಂತೆ ಸೊಟ್ಟ.
ಮಕ್ಕಂದೂರಿಂದ ನಡೆದೇ ಬಂದಿದ್ದಳು.
ಎಲ್ಲಿಗೆ ಅಂದರೆ ಠಾಣೆಗೆ ಅಂದಳಂತೆ, ಗೇಟಿನಲ್ಲಿ.

ಠಾಣೆ ಎಲ್ಲಿಗೂ ಓಡಿಹೋಗಲ್ಲಮ್ಮ, ಇದೆಲ್ಲ ಮುಗೀಲಿ.
ನಾವೇ ಬಿಟ್ಟು ಬರ್ತೀವಿ, ಹತ್ತು ಜೀಪಿಗೆ.

ಒಳ್ಳೆಯವರೇ. ಮನೆ ಬಾಗಿಲಿನವರೆಗೂ ಬಂದರು,
ಅವನನ್ನು ಎಬ್ಬಿಸಿ, ಅವಳನ್ನು ಒಪ್ಪಿಸಿದರು.
‘ಪೇಪರಲ್ಲಿ ಬಂದಿದ್ದು ನೀನೇ ಅಲ್ವಾ ಮಾರಾಯ’ ಅಂತ
ಒಬ್ಬ ಅವನ ಹೆಗಲು ತಟ್ಟಿದ.

ದಂಡಕ್ಕೆ ದುಡ್ಡು ಎಲ್ಲಿತ್ತು ಅಂದೆ.
ನಿಮ್ಮ ಪೇಪರು ನೋಡಿ ಕಳಿಸಿದ್ದರಲ್ಲ, ಆ ಲಕೋಟೆಯದು.

ಆ ರಾತ್ರಿ ಅವಳು ದೂರು ಕೊಡಲು ಹೊರಟಿದ್ದಳು ಎಂಬುದಕ್ಕೆ
ಮೊಹರು ಬಿದ್ದ ಕಾಗದ ಅದೊಂದೇ ಎಂದರು ವಕೀಲರು.
ಕಾರಣ ಎಂಬಲ್ಲಿ ಬರೆದದ್ದು: ಕಾರಣವಿಲ್ಲ.

ಓದುಗರು ಹೀಗೆ ತಿದ್ದಿಕೊಳ್ಳಬೇಕಾಗಿ ವಿನಂತಿ:
ದಂಡ ತೆತ್ತವರು ನಲವತ್ತೆರಡು ಮಂದಿ.
ದೂರು, ಒಂದು.

ಅವಳು ಕೇಳಿಕೊಂಡ ತಿದ್ದುಪಡಿ ಮಾತ್ರ ಬೇರೆ.
ರಸೀದಿ ಮಡಚಿ ಕವರಿಗೆ ಸೇರಿಸುತ್ತಾ ಅಂದಳು:
‘ಆ ಫೋಟೋದಲ್ಲಿ ಅವರ ಕೋಳಿ ಅಂತ ಬರೆದಿದ್ರಿ ಸಾರ್.
ಅದು ನಂದು.’