ನಾರು

ಬರಿಗಾಲಲ್ಲೇ ಹಾರುತ್ತೇವೆ ನಾವು.
ಕಡಲ ವಿಮಾನದ ಕೆಲಸಕ್ಕೆ ಬೂಟು ತರವಲ್ಲ,
ನೀರಿಗಿಳಿದೊಡನೆ ಹೊರಗೆ ಹಾರಿ
ಹಗ್ಗ ಎಸೆಯಬೇಕು ಜೆಟ್ಟಿಗೆ.

ಮೊನ್ನೆ ಕಿಟಕಿಗೆ ಮೂಗೊತ್ತಿ ಕೂತಿದ್ದ ಹೆಂಗಸು
ಎಂಜಿನ್ನಿನ ಸದ್ದಿಗೂ ಮೇಲೆ ಕೂಗಿ ಕೇಳಿದಳು,
ಮಾಲ್ಡೀವ್ಸ್ ಅಂದರೇನು?
ಸೀಟಿನ ಜೇಬಿನ ಹಾಳೆಯಲ್ಲೇ ಇದೆ ಉತ್ತರ. ನಾನೂ ಕೂಗಿದೆ:
ಮಾಲೆ! ದ್ವೀಪಗಳ ಮಾಲೆ!
ಆಕೆ ಕೆಳಗೆ ನೋಡಿ ತಲೆದೂಗಿದಳು
ಲೆಕ್ಕ ತಾಳೆಯಾದ ಹಾಗೆ.

ತಾಳೆಯಾಗುತ್ತದೆ, ಇಷ್ಟು ಎತ್ತರದಿಂದ.
ಹೆಸರಿಟ್ಟವರಿಗೆ ವಿಮಾನವಿರಲಿಲ್ಲ.
ಯಾವುದೋ ಹಾಯಿಹಡಗಿನ ಮೂತಿಯಲ್ಲಿ ನಿಂತವನು
ಹವಳದ ಹಲ್ಲಿಗೆ ಸಿಕ್ಕದಂತೆ
ಒಂದೊಂದೇ ದಿಬ್ಬ ಎಣಿಸುತ್ತ, ದೇವರ ಹೆಸರು ಹೇಳುತ್ತ
ಭಯದಲ್ಲೇ ಪೋಣಿಸಿಕೊಂಡಿರಬೇಕು.

ಶಾಲೆಯಲ್ಲಿ ಇರುಫಾನ್ ಮೇಷ್ಟ್ರು
ಹಲಗೆ ತುಂಬ ಬರೆದಿದ್ದರು:
ಮಾಲೆ ಎನ್ನುವವರಿದ್ದಾರೆ, ಮಹಲು ಎನ್ನುವವರಿದ್ದಾರೆ,
ಮಹಿಳೆಯರ ದ್ವೀಪ ಎಂದು ಬಗೆದವರೂ ಇದ್ದಾರೆ.
ಇದಕ್ಕೆ ಹುಡುಗಿಯರ ಸಾಲು ಬೆಂಚು ಗುದ್ದಿ ನಕ್ಕಿತು.
ನಮ್ಮ ಬಾಯಲ್ಲಿ ಮಾತ್ರ ಅದು ಎಂದಿಗೂ ದಿವೆಹಿ ರಾಜ್ಜೆ.
ದ್ವೀಪದವರ ರಾಜ್ಯ. ಅಷ್ಟೇ.
ಹೂವಿಲ್ಲ, ಮಹಲಿಲ್ಲ.

ನೋಟುಪುಸ್ತಕ ಹಿಡಿದು ಮನೆಗೆ ಓಡಿದೆ.
ಅಜ್ಜಿ ದೊನ್‌ಕಂಬುಲೋ
ತೆಂಗಿನ ಸಿಪ್ಪೆ ಬಡಿಯುತ್ತ ಕೂತಿದ್ದಳು,
ದಡದ ಕೆಸರಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಸಿದ್ದು.
ನಾರು ನಾರುತ್ತಿತ್ತು. ಅವಳ ಬೆರಳೂ,
ಕೂದಲೂ, ಅವಳು ತಟ್ಟಿದ ರೊಟ್ಟಿಯೂ.

ಮಾಲೆಯಂತೆ ಅಜ್ಜಿ, ನಮ್ಮ ದೇಶ.
ಕೊಡತಿ ನಿಲ್ಲಲಿಲ್ಲ.
"ಯಾರಿಗೆ ಹಾಕೋಕೆ?"

ಆಮೇಲೆ ಅವಳೇ ಹೇಳಿದಳು ರಾಜಧಾನಿಯ ಕತೆ.
ಗಿರಾವರುವಿನ ಬೆಸ್ತರು ಖಾಲಿ ಮರಳದಿಬ್ಬಕ್ಕೆ ಬಂದು
ಮೀನು ಕೊಯ್ಯುತ್ತಿದ್ದರಂತೆ, ಸುತ್ತ ನೀರೆಲ್ಲ ಕೆಂಪು.
ಮಾ ಲೇ. ಬಹಳ ರಕ್ತ.
ಅದೇ ಸವೆದು ಊರಿನ ಹೆಸರಾಯಿತಂತೆ.
ಮೇಷ್ಟ್ರು ಇದನ್ನು ಬರೆಸಲಿಲ್ಲವಲ್ಲ ಎಂದೆ.
"ಸುಳ್ಳೇ ಇರಲಿ, ಮೀನಿನ ವಾಸನೆಯಾದರೂ ಇದೆ ಅದಕ್ಕೆ.
ಸರಿ, ನಿನ್ನ ಮಾಲೆಯೇ ಅನ್ನು. ದಾರ ಎಲ್ಲಿ?"

ಕೇಳುತ್ತಲೇ ಅಂಗೈಗಳ ನಡುವೆ
ಎರಡು ಎಳೆ ಹೊಸೆಯುತ್ತಿದ್ದಳು.
ಮೊಳೆ ಕಾಣದ ಹಳೆಯ ಹಡಗುಗಳನ್ನು
ದೂರದ ರೇವಿನವರು ಹೊಲಿಯುತ್ತಿದ್ದದ್ದು ಈ ಹುರಿಯಿಂದ.
ನನಗದು ಹೊಳೆದದ್ದು ಮೂವತ್ತು ವರ್ಷ ತಡವಾಗಿ:
ನಮಗೆ ಹೆಸರಿಟ್ಟವನು, ಯಾರೇ ಇರಲಿ,
ಕಾಲೂರಿದ್ದ ಹಲಗೆಯ ಸಂದಿಯಲ್ಲಿ
ಇಂಥ ಯಾವಳದೋ ಅಂಗೈ ಇದ್ದಿರಬಹುದು.

ಹೂವಿನಿಂದ ನಾರು ಸ್ವರ್ಗ ಸೇರುತ್ತದಂತೆ.
ನಮ್ಮಲ್ಲಿ ನಾರು ಮೊದಲು ಕೆಸರಿಗೆ,
ಆಮೇಲೆ ವ್ಯಾಪಾರಿಯ ತಕ್ಕಡಿಗೆ, ಆಮೇಲೆ ಕಡಲಿಗೆ.

ಅಜ್ಜಿ ಹೋದ ವರ್ಷ ದಡವೂ ಒಂದಷ್ಟು ಹೋಯಿತು.
ಅವಳು ಕೊನೆಗೆ ಹೂತಿಟ್ಟ ಸಿಪ್ಪೆಯ ಗುಂಡಿ
ಎಲ್ಲಿತ್ತೆಂದು ಯಾರಿಗೂ ಗೊತ್ತಿಲ್ಲ ಈಗ.
ನಮ್ಮೂರ ಮೇಲೆ ಹಾರುವಾಗೆಲ್ಲ ಬಗ್ಗಿ ನೋಡುತ್ತೇನೆ.
ತಿಳಿಹಸಿರು, ಕಡುನೀಲಿ,
ನಡುವೆ ಎಲ್ಲೋ, ಯಾರೂ ಅಗೆಯದ ದಾರ.

ವಿಮಾನ ಇಳಿಯಿತು. ಹಗ್ಗ ಎಸೆದೆ.
ನೀಲಿ ನೈಲಾನು. ಕೊಳೆಯುವುದಿಲ್ಲ,
ನಾರುವುದಿಲ್ಲ, ಅಂಗೈಯನ್ನು ಮಾತ್ರ ಸುಡುತ್ತದೆ.
ಜೆಟ್ಟಿಯ ಹುಡುಗ ಹಿಡಿದು ಗಂಟು ಹಾಕಿದ.
ರೆಸಾರ್ಟಿನವರು ಸಾಲಾಗಿ ನಿಂತಿದ್ದರು
ಚಂಪಕದ ಮಾಲೆ ಹಿಡಿದು.
ಆ ಹೆಂಗಸು ನನ್ನ ತೋಳು ಹಿಡಿದು ಇಳಿದಳು,
ನಗುತ್ತ ಕೊರಳು ಬಗ್ಗಿಸಿದಳು.